ಮರುಪಾವತಿಯ ದಿನಗಣನೆ: ಜಿಎಸ್‌ಟಿ ಅರ್ಜಿಯ ಸ್ವೀಕೃತಿಯೂ ದಾಖಲೆಗಳ ಜೋಪಾನವೂ

ಮಾರಾಟ ತೆರಿಗೆಯ ಕಾಲದಲ್ಲಿಯೂ, 2005ರ ಏಪ್ರಿಲ್ 1ರಂದು ಕರ್ನಾಟಕದಲ್ಲಿ ಜಾರಿಗೆ ಬಂದ ಮೌಲ್ಯವರ್ಧಿತ ತೆರಿಗೆಯ ಮೊದಲ ವರ್ಷಗಳಲ್ಲಿಯೂ ವರ್ತಕರಲ್ಲಿ ಒಂದು ಒಳ್ಳೆಯ ರೂಢಿಯಿತ್ತು. ವಿವರಪತ್ರವನ್ನಾಗಲಿ ಅರ್ಜಿಯನ್ನಾಗಲಿ ಎರಡು ಪ್ರತಿಗಳಲ್ಲಿ ಒಯ್ದು, ಒಂದನ್ನು ಕಛೇರಿಗೆ ಒಪ್ಪಿಸಿ, ಇನ್ನೊಂದರ ಮೇಲೆ ದಿನಾಂಕವುಳ್ಳ ಮೊಹರನ್ನು ಹಾಕಿಸಿಕೊಂಡು ಬರುತ್ತಿದ್ದರು. ಆ ಪ್ರತಿಯನ್ನು ಲೆಕ್ಕದ ಗುಮಾಸ್ತರು ಕಡತದಲ್ಲಿ ಭದ್ರವಾಗಿ ಇಡುತ್ತಿದ್ದರು. ಇಂದು ಕಛೇರಿಗೆ ಹೋಗುವ ಪ್ರಮೇಯವೇ ಇಲ್ಲ. ಅದರೊಂದಿಗೆ ಮೊಹರಿನ ಪ್ರತಿಯನ್ನು ಕೇಳಿ ಪಡೆಯುವ ರೂಢಿಯೂ ಮರೆಯಾಗಿದೆ. 'ಎಲ್ಲವೂ ಪೋರ್ಟಲಿನಲ್ಲಿಯೇ ಇದೆ' ಎಂಬ ನಂಬಿಕೆ ಬೆಳೆದಿದೆ. ಮರುಪಾವತಿಯ ವಿಷಯದಲ್ಲಿ ಈ ನಂಬಿಕೆಯು ಹಲವು ಸಣ್ಣ ಉದ್ದಿಮೆಗಳಿಗೆ ದುಬಾರಿಯಾಗಬಲ್ಲುದು. ಏಕೆಂದರೆ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯಲ್ಲಿ ಮರುಪಾವತಿಯ ಹಕ್ಕು, ಬಡ್ಡಿಯ ಹಕ್ಕು ಮತ್ತು ಕಾಲಮಿತಿ ಈ ಮೂರೂ ದಿನಾಂಕಗಳನ್ನೇ ಅವಲಂಬಿಸಿವೆ.

2017ರ ಜುಲೈ 1ರಂದು ಹೊಸ ತೆರಿಗೆ ಆರಂಭವಾದಾಗ ಮರುಪಾವತಿಯ ಅರ್ಜಿ ಅರ್ಧ ಗಣಕದಲ್ಲಿ, ಅರ್ಧ ಕಾಗದದಲ್ಲಿ ನಡೆಯುತ್ತಿತ್ತು. ಪೋರ್ಟಲಿನಲ್ಲಿ ತುಂಬಿದ ನಮೂನೆಯನ್ನು ಮುದ್ರಿಸಿ, ಲಗತ್ತುಗಳೊಡನೆ ಅಧಿಕಾರಿಗೆ ಕೈಯಾರೆ ಸಲ್ಲಿಸಬೇಕಾಗಿತ್ತು. ರಫ್ತುದಾರರ ಹಣ ಎಷ್ಟರಮಟ್ಟಿಗೆ ಸಿಲುಕಿಕೊಂಡಿತೆಂದರೆ 2018ರ ಮಾರ್ಚ್‌ನಲ್ಲಿ ಕೇಂದ್ರ ತೆರಿಗೆ ಮಂಡಳಿಯು ಹದಿನೈದು ದಿನಗಳ ವಿಶೇಷ ಮರುಪಾವತಿ ಅಭಿಯಾನವನ್ನೇ ನಡೆಸಬೇಕಾಯಿತು. 2019ರ ಸೆಪ್ಟೆಂಬರ್ 26ರಿಂದ ಇಡೀ ಪ್ರಕ್ರಿಯೆಯು ಪೋರ್ಟಲಿಗೆ ವರ್ಗಾವಣೆಯಾಯಿತು. ಅರ್ಜಿ, ನ್ಯೂನತೆಯ ಪತ್ರ, ನೋಟೀಸು, ಆದೇಶ ಎಲ್ಲವೂ ಅಲ್ಲಿಯೇ ಹುಟ್ಟಿ ಅಲ್ಲಿಯೇ ಸೇರುತ್ತವೆ. ಅದೇ ವರ್ಷದ ನವೆಂಬರ್ 18ರ 125ನೆಯ ಸುತ್ತೋಲೆಯು ಈ ಕ್ರಮವನ್ನು ವಿವರಿಸುತ್ತದೆ.

ಯಾವ ದಿನಾಂಕಕ್ಕೆ ಏನು ಬೆಲೆ?

ನಮೂನೆ ಆರ್‌ಎಫ್‌ಡಿ-01ನ್ನು ಲಗತ್ತುಗಳೊಡನೆ ಸಲ್ಲಿಸಿದೊಡನೆ ಎಆರ್‌ಎನ್ ಎಂಬ ಉಲ್ಲೇಖ ಸಂಖ್ಯೆ ದೊರೆಯುತ್ತದೆ. ಹಳೆಯ ಕಾಲದ ಮೊಹರಿನ ಸ್ಥಾನವನ್ನು ಈಗ ಇದು ಪಡೆದಿದೆ. ಅರ್ಜಿಯನ್ನು ಅರ್ಧ ತುಂಬಿ ಉಳಿಸಿಟ್ಟರೆ ಈ ಸಂಖ್ಯೆ ಬರುವುದಿಲ್ಲ. 'ಅರ್ಜಿ ಹಾಕಿದ್ದೇವೆ' ಎಂಬ ಲೆಕ್ಕಿಗರ ಮಾತಿಗೆ ಸಂಖ್ಯೆಯ ಆಧಾರವಿದೆಯೇ ಎಂಬುದನ್ನು ಮಾಲೀಕರು ಮೊದಲು ಕೇಳಿ ತಿಳಿಯಬೇಕು. ಅನಂತರ ಹದಿನೈದು ದಿನಗಳೊಳಗೆ ಅಧಿಕಾರಿಯು ಎರಡರಲ್ಲೊಂದನ್ನು ಮಾಡಬೇಕು. ಅರ್ಜಿ ಪೂರ್ಣವಾಗಿದ್ದರೆ ಆರ್‌ಎಫ್‌ಡಿ-02ರಲ್ಲಿ ಸ್ವೀಕೃತಿ ನೀಡಬೇಕು. ಕೊರತೆಯಿದ್ದರೆ ಆರ್‌ಎಫ್‌ಡಿ-03ರಲ್ಲಿ ನ್ಯೂನತೆಯ ಪತ್ರ ಕಳುಹಿಸಬೇಕು. ಒಮ್ಮೆ ಸ್ವೀಕೃತಿ ನೀಡಿದ ಅರ್ಜಿಗೆ ಅನಂತರ ನ್ಯೂನತೆಯ ಪತ್ರ ಕಳುಹಿಸುವಂತಿಲ್ಲವೆಂದು ಮೇಲಿನ ಸುತ್ತೋಲೆಯೇ ಹೇಳುತ್ತದೆ. ಹದಿನೈದು ದಿನ ಕಳೆದ ಮೇಲೆ ನ್ಯೂನತೆಯ ಪತ್ರ ಸಲ್ಲದೆಂದು ದೆಹಲಿ ಉಚ್ಚ ನ್ಯಾಯಾಲಯವು 2020ರಲ್ಲಿ ಜಿಯಾನ್ ಇಂಟರ್‌ನ್ಯಾಷನಲ್ ಪ್ರಕರಣದಲ್ಲಿ ತೀರ್ಪಿತ್ತಿದೆ.

ಪೂರ್ಣವಾದ ಅರ್ಜಿ ತಲುಪಿದ ದಿನದಿಂದ 60 ದಿನಗಳೊಳಗೆ ಅಂತಿಮ ಆದೇಶವಾಗಬೇಕೆಂಬುದು ಕಲಂ 54ರ ವಿಧಿ. ಅರ್ಜಿ ತಲುಪಿದ 60 ದಿನಗಳಲ್ಲಿ ಹಣ ಬಾರದಿದ್ದರೆ ವಿಳಂಬದ ಅವಧಿಗೆ ಕಲಂ 56ರ ಪ್ರಕಾರ ವಾರ್ಷಿಕ ಶೇ. 6ರ ಬಡ್ಡಿ ಸಲ್ಲಬೇಕು. ಮೇಲ್ಮನವಿಯಲ್ಲಿ ಗೆದ್ದು ಪಡೆಯುವ ಮರುಪಾವತಿ ವಿಳಂಬವಾದರೆ ದರ ಶೇ. 9. ಇಲ್ಲಿ ಒಂದು ಗೊಂದಲವನ್ನು ನಿವಾರಿಸಿಕೊಳ್ಳುವುದು ಅಗತ್ಯ. ಬಡ್ಡಿಯ ದಿನಗಣನೆಯು ಮಂಜೂರಾತಿ ಆದೇಶದ ದಿನದಿಂದಲ್ಲ, ಅರ್ಜಿ ತಲುಪಿದ ದಿನದಿಂದ ಆರಂಭ. ಕೇಂದ್ರ ಅಬಕಾರಿ ಕಾಯಿದೆಯಲ್ಲಿದ್ದ ಇಂಥದೇ ಉಪಬಂಧವನ್ನು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ರ‍್ಯಾನ್‌ಬ್ಯಾಕ್ಸಿ ಪ್ರಕರಣದಲ್ಲಿ ಹೀಗೆಯೇ ಅರ್ಥೈಸಿತು.

ಒಂದು ಲೆಕ್ಕದ ಉದಾಹರಣೆ

ಪೀಣ್ಯದಲ್ಲಿ ಯಂತ್ರದ ಬಿಡಿಭಾಗಗಳನ್ನು ತಯಾರಿಸಿ, ತೆರಿಗೆ ಕಟ್ಟದೆ ಮುಚ್ಚಳಿಕೆಯ ಮೇಲೆ ರಫ್ತು ಮಾಡುವ ಒಂದು ಸಣ್ಣ ಘಟಕವನ್ನು ಕಲ್ಪಿಸಿಕೊಳ್ಳಬಹುದು. 2023ರ ಜುಲೈಯಿಂದ ಸೆಪ್ಟೆಂಬರ್‌ವರೆಗಿನ ರಫ್ತಿಗೆ ಸಂಬಂಧಿಸಿದ, ಬಳಕೆಯಾಗದೆ ಉಳಿದ ಹೂಡುವಳಿ ತೆರಿಗೆ ಜಮೆ 6,40,000 ರೂಪಾಯಿ. ಮರುಪಾವತಿಯ ಅರ್ಜಿ ಸಲ್ಲಿಸಿದ್ದು 2025ರ ಜೂನ್ 10ರಂದು. ಅರ್ಜಿ ಪೂರ್ಣವಾಗಿದೆ, ಶೇ. 90ರ ತಾತ್ಕಾಲಿಕ ಮರುಪಾವತಿ ಬಂದಿಲ್ಲ, ಹಣ ಕೈಸೇರಿದ್ದು ಅಕ್ಟೋಬರ್ 18ರಂದು ಎಂದು ಭಾವಿಸಿದರೆ, ಅರವತ್ತನೆಯ ದಿನ ಆಗಸ್ಟ್ 9. ಆಗಸ್ಟ್ 10ರಿಂದ ಅಕ್ಟೋಬರ್ 18ರವರೆಗೆ 70 ದಿನಗಳ ವಿಳಂಬ. ಶೇ. 6ರಂತೆ ಬಡ್ಡಿ 7,364 ರೂಪಾಯಿ. ಅದೇ ಘಟಕವು ಬ್ಯಾಂಕಿನ ನಗದು ಸಾಲಕ್ಕೆ ಶೇ. 11ರ ಬಡ್ಡಿ ತೆರುತ್ತಿದ್ದರೆ, ಜೂನ್ 10ರಿಂದ 130 ದಿನಗಳಿಗೆ ಅದೇ ಮೊತ್ತದ ಮೇಲೆ ತೆತ್ತ ಬಡ್ಡಿ 25,074 ರೂಪಾಯಿ. ಕಾಯಿದೆಯ ಬಡ್ಡಿಯು ನಷ್ಟವನ್ನು ಪೂರ್ತಿ ತುಂಬಿಕೊಡದೆಂಬುದು ಸ್ಪಷ್ಟ. ಆದರೂ ಅದು ಕೇಳಿ ಪಡೆಯಬೇಕಾದ ಹಣವೇ.

ಈಗ ಅದೇ ಅರ್ಜಿಗೆ ಜೂನ್ 24ರಂದು ನ್ಯೂನತೆಯ ಪತ್ರ ಬಂದಿತೆಂದುಕೊಳ್ಳಲಿ. ಒಂದು ಹಡಗು ರಫ್ತುಪತ್ರದ, ಅಂದರೆ ಶಿಪ್ಪಿಂಗ್ ಬಿಲ್ಲಿನ, ಸಂಖ್ಯೆ ಬಿಟ್ಟುಹೋಗಿದೆ. ಸಂದೇಶ ಹೋದದ್ದು ನೋಂದಣಿಯ ಸಮಯದಲ್ಲಿ ಕೊಟ್ಟಿದ್ದ ಲೆಕ್ಕಿಗರ ಮಿಂಚಂಚೆಗೆ. ಮಾಲೀಕರು ಅದನ್ನು ಕಂಡದ್ದು ಆಗಸ್ಟ್ 20ರಂದು. ಹೊಸ ಅರ್ಜಿ ಸಲ್ಲಿಸಿದ್ದು ಆಗಸ್ಟ್ 28ರಂದು. ನ್ಯೂನತೆಯ ಪತ್ರ ಬಂದ ಮೇಲೆ ಹಳೆಯ ಅರ್ಜಿಗೆ ಜೀವವಿಲ್ಲ. ಹೊಸ ಅರ್ಜಿಗೆ ಹೊಸ ಸಂಖ್ಯೆ, ಹೊಸ ದಿನಗಣನೆ. ಅರವತ್ತು ದಿನ ಮುಗಿಯುವುದು ಅಕ್ಟೋಬರ್ 27ಕ್ಕೆ. ಆದುದರಿಂದ ಅಕ್ಟೋಬರ್ 18ರಂದು ಹಣ ಬಂದರೆ ಒಂದು ರೂಪಾಯಿಯ ಬಡ್ಡಿಯೂ ಇಲ್ಲ.

ಬಡ್ಡಿ ಹೋದರೆ ಹೋಗಲಿ ಎನ್ನಬಹುದು, ಅಸಲಿಗೇ ಅಪಾಯವಿದೆ. ಅರ್ಜಿಗೆ ಎರಡು ವರ್ಷಗಳ ಕಾಲಮಿತಿಯುಂಟು. ಸಮುದ್ರ ಅಥವಾ ವಾಯುಮಾರ್ಗದ ಸರಕು ರಫ್ತಿನಲ್ಲಿ ಇದನ್ನು ಹಡಗು ಅಥವಾ ವಿಮಾನವು ದೇಶ ಬಿಟ್ಟ ದಿನದಿಂದ ಎಣಿಸಬೇಕು. ಘಟಕದ ಮೊದಲ ಸರಕು 2023ರ ಜುಲೈ 5ರಂದು ಹೊರಟಿದ್ದರೆ, ಜೂನ್ 10ರ ಅರ್ಜಿ ಮಿತಿಯೊಳಗಿತ್ತು. ಆಗಸ್ಟ್ 28ರದು ಮಿತಿ ಮೀರಿತು. 2021ರ ಮೇ 18ರ ಅಧಿಸೂಚನೆಯು ನಿಯಮ 90ಕ್ಕೆ ಸೇರಿಸಿದ ಉಪಬಂಧದಿಂದ ಒಂದು ಸಣ್ಣ ರಿಯಾಯಿತಿ ಸಿಗುತ್ತದೆ. ಮೂಲ ಅರ್ಜಿ ಸಲ್ಲಿಸಿದ ದಿನದಿಂದ ನ್ಯೂನತೆ ತಿಳಿಸಿದ ದಿನದವರೆಗಿನ ಅವಧಿಯನ್ನು ಎರಡು ವರ್ಷಗಳ ಲೆಕ್ಕದಿಂದ ಬಿಡಲಾಗುತ್ತದೆ. ಇಲ್ಲಿ ಅದು ಜೂನ್ 10ರಿಂದ 24ರವರೆಗೆ ಮಾತ್ರ; ಮಿತಿಯು ಹೆಚ್ಚೆಂದರೆ ಜುಲೈ 19ರ ಆಸುಪಾಸಿಗೆ ಸರಿಯುತ್ತದೆ. ಪತ್ರವನ್ನು ಕಾಣದೆ ಕಳೆದ ಎಂಟು ವಾರಗಳಿಗೆ ಯಾವ ರಿಯಾಯಿತಿಯೂ ಇಲ್ಲ. ಸೆಪ್ಟೆಂಬರ್‌ನಲ್ಲಿ ಹೊರಟ ಸರಕಿನ ಪಾಲು ಉಳಿಯುತ್ತದೆ, ಜುಲೈ 5ರದು ಕೈತಪ್ಪುತ್ತದೆ. ನ್ಯೂನತೆಯ ಪತ್ರದೊಡನೆ ಜಮೆಯ ಮೊತ್ತವು ವಿದ್ಯುನ್ಮಾನ ಖಾತೆಗೆ ಮರಳುವುದೇನೋ ನಿಜ. ಆದರೆ ಸ್ವದೇಶಿ ಮಾರಾಟವೇ ಇಲ್ಲದ ಘಟಕಕ್ಕೆ ಅದು ಕಾಣಸಿಗುವ, ಕೈಗೆ ಸಿಗದ ಹಣ.

ತನಗೆ ಪತ್ರ ತಲುಪಲೇ ಇಲ್ಲವೆಂಬ ವಾದವನ್ನು ನೆಚ್ಚಿಕೊಳ್ಳುವುದು ಕ್ಷೇಮಕರವಲ್ಲ. ಕಲಂ 169ರ ಪ್ರಕಾರ ನೋಟೀಸನ್ನು ನೋಂದಾಯಿತ ಮಿಂಚಂಚೆಗೆ ಕಳುಹಿಸುವುದೂ, ಪೋರ್ಟಲಿನಲ್ಲಿ ಲಭ್ಯವಾಗಿಸುವುದೂ ಜಾರಿಯ ಸಿಂಧುವಾದ ವಿಧಾನಗಳೇ. ನೋಂದಣಿಯಲ್ಲಿ ಲೆಕ್ಕಿಗರ ದೂರವಾಣಿ ಸಂಖ್ಯೆ ಮತ್ತು ಮಿಂಚಂಚೆ ಇದ್ದರೆ ಅವನ್ನು ಇಂದೇ ಬದಲಿಸಿ ಮಾಲೀಕರದನ್ನು ಸೇರಿಸುವುದು ಲೇಸು. ಲೆಕ್ಕಿಗರ ಪ್ರಾಮಾಣಿಕತೆಯ ಪ್ರಶ್ನೆ ಇದಲ್ಲ. ಅವರ ಬಳಿ ನೂರು ಕಕ್ಷಿದಾರರ ಸಂದೇಶಗಳು ಒಂದೇ ಪೆಟ್ಟಿಗೆಗೆ ಬಂದು ಬೀಳುತ್ತವೆ. ಅರ್ಜಿಯ ಸ್ಥಿತಿಯನ್ನು ಪೋರ್ಟಲಿನ ಮರುಪಾವತಿ ವಿಭಾಗದಲ್ಲಿ ಎಆರ್‌ಎನ್ ನೀಡಿ, ಲಾಗಿನ್ ಇಲ್ಲದೆಯೂ ನೋಡಬಹುದು. ಮೊದಲ ಹದಿನೈದು ದಿನ ಪ್ರತಿನಿತ್ಯ, ಆಮೇಲೆ ವಾರಕ್ಕೊಮ್ಮೆ ನೋಡಿದರೆ ಸಾಕು.

ಇಲಾಖೆಯ ವಿಳಂಬವೂ ವರ್ತಕರ ವಿಳಂಬವೂ

ಬಡ್ಡಿಯ ಲೆಕ್ಕದಲ್ಲಿ ವರ್ತಕರ ಕಡೆಯ ವಿಳಂಬವನ್ನು ಕಳೆಯುವ ಕ್ರಮವು 2023ರ ಅಕ್ಟೋಬರ್ 1ರಿಂದ ನಿಯಮ 94ರಲ್ಲಿ ಸೇರಿದೆ. ಆರ್‌ಎಫ್‌ಡಿ-08ರ ಕಾರಣ ಕೇಳುವ ನೋಟೀಸಿಗೆ ಉತ್ತರಿಸಲು ಹದಿನೈದು ದಿನಗಳಿಗಿಂತ ಹೆಚ್ಚು ತೆಗೆದುಕೊಂಡರೆ ಆ ಹೆಚ್ಚಿನ ದಿನಗಳಿಗೆ ಬಡ್ಡಿಯಿಲ್ಲ. ಮಂಜೂರಾದ ಹಣವು ಬ್ಯಾಂಕು ಖಾತೆಯ ದೋಷದಿಂದ ಜಮೆಯಾಗದಿದ್ದರೆ, ಸರಿಯಾದ ಖಾತೆಯನ್ನು ಕೊಟ್ಟು ದೃಢೀಕರಿಸಲು ಹಿಡಿದ ಸಮಯಕ್ಕೂ ಇಲ್ಲ. ಬ್ಯಾಂಕುಗಳ ವಿಲೀನದ ನಂತರ ಐಎಫ್‌ಎಸ್‌ಸಿ ಸಂಖ್ಯೆ ಬದಲಾದ ಖಾತೆಗಳನ್ನು ನೋಂದಣಿಯಲ್ಲಿ ತಿದ್ದದೆ ಬಿಟ್ಟವರು ಇದನ್ನು ವಿಶೇಷವಾಗಿ ಗಮನಿಸಬೇಕು. ಪಾನ್‌ನಲ್ಲಿರುವ ಹೆಸರಿಗೂ ಖಾತೆಯ ಹೆಸರಿಗೂ ವ್ಯತ್ಯಾಸವಿದ್ದರೂ ತೊಡಕೇ.

ಸಮಗ್ರ ತೆರಿಗೆ ಕಟ್ಟಿ ಸರಕು ರಫ್ತು ಮಾಡುವವರ ದಾರಿ ಬೇರೆ. ನಿಯಮ 96ರ ಪ್ರಕಾರ ಅವರಿಗೆ ಶಿಪ್ಪಿಂಗ್ ಬಿಲ್ಲೇ ಮರುಪಾವತಿಯ ಅರ್ಜಿ. ಹಣ ಬರುವುದು ಸೀಮಾಸುಂಕ ವ್ಯವಸ್ಥೆಯಿಂದ. ಬೀಜಕದ ಸಂಖ್ಯೆಯು ಶಿಪ್ಪಿಂಗ್ ಬಿಲ್ಲಿನಲ್ಲಿ ಒಂದು ರೀತಿ, ಜಿಎಸ್‌ಟಿಆರ್-1ರಲ್ಲಿ ಇನ್ನೊಂದು ರೀತಿ ಇದ್ದರೆ ಎಸ್‌ಬಿ-005 ಎಂಬ ದೋಷಸಂಕೇತ ಬಂದು ಹಣ ನಿಲ್ಲುತ್ತದೆ. ಒಂದು ಅಡ್ಡಗೆರೆ ಅಥವಾ ಸೊನ್ನೆಯ ಅಂತರವೂ ಇದಕ್ಕೆ ಸಾಕು. ಇಂಥ ಪ್ರಕರಣವನ್ನು ತೆರಿಗೆ ಕಛೇರಿಯಲ್ಲಿ ವಿಚಾರಿಸಿ ಪ್ರಯೋಜನವಿಲ್ಲ. ಐಸ್‌ಗೇಟ್‌ನಲ್ಲಿ ಸ್ಥಿತಿಯನ್ನು ನೋಡಿ ತಿದ್ದುಪಡಿ ಮಾಡಿಸಬೇಕು.

ಏನನ್ನು ಇಟ್ಟುಕೊಳ್ಳಬೇಕು

ಎಆರ್‌ಎನ್ ಸ್ವೀಕೃತಿಯ ಕಡತವನ್ನು ಸಲ್ಲಿಸಿದ ದಿನವೇ ಇಳಿಸಿಕೊಂಡು ಮುದ್ರಿಸಬೇಕು. ಪರದೆಯ ಚಿತ್ರವೊಂದನ್ನೇ ನೆಚ್ಚುವುದು ಸರಿಯಲ್ಲ. ಅದಕ್ಕಿಂತ ಹೆಚ್ಚಾಗಿ ಮರೆತುಹೋಗುವುದು ಅರ್ಜಿಯೊಡನೆ ಏರಿಸಿದ ಲಗತ್ತುಗಳು. ಯಾವ ತಃಖ್ತೆ, ಯಾವ ಘೋಷಣೆ ಕಳುಹಿಸಲಾಯಿತೋ ಅದೇ ಪ್ರತಿಯನ್ನು ಅದೇ ಹೆಸರಿನಲ್ಲಿ ಬೇರೆಡೆ ಇರಿಸಿದರೆ, 'ಈ ದಾಖಲೆ ಬಂದಿಲ್ಲ' ಎಂಬ ಮಾತಿಗೆ ಉತ್ತರ ಸಿದ್ಧವಿರುತ್ತದೆ. ಜಮೆಯ ಖಾತೆಯಿಂದ ಮೊತ್ತ ಕಳೆದ ನಮೂದು, ಆಯಾ ತಿಂಗಳ ಜಿಎಸ್‌ಟಿಆರ್-2ಬಿ, ಆ ಆರ್ಥಿಕ ವರ್ಷದ ರಫ್ತು ಮುಚ್ಚಳಿಕೆಯ ಸಂಖ್ಯೆ, ವಿದೇಶಿ ಹಣ ಬಂದುದಕ್ಕೆ ಬ್ಯಾಂಕಿನ ಪ್ರಮಾಣಪತ್ರ ಇವು ಅದೇ ಕಡತಕ್ಕೆ ಸೇರಬೇಕು. ಮರುಪಾವತಿ ಬಂದ ಮೇಲೂ ಈ ಕಡತವನ್ನು ಮುಚ್ಚುವಂತಿಲ್ಲ. ವಿದೇಶಿ ವಿನಿಮಯ ಕಾನೂನಿನ ಅವಧಿಯೊಳಗೆ ಸರಕಿನ ಹಣ ಬಾರದಿದ್ದರೆ ಪಡೆದ ಮರುಪಾವತಿಯನ್ನು ಬಡ್ಡಿಯೊಡನೆ ಹಿಂತಿರುಗಿಸಬೇಕೆಂದು ನಿಯಮ 96ಬಿ ಹೇಳುತ್ತದೆ.

ಲೆಕ್ಕಪತ್ರಗಳನ್ನು ವಾರ್ಷಿಕ ವಿವರಪತ್ರದ ಕಡೆಯ ದಿನಾಂಕದಿಂದ 72 ತಿಂಗಳು ಕಾಯ್ದಿಡಬೇಕೆಂಬುದು ಕಲಂ 36ರ ಕಟ್ಟಳೆ. ಮೇಲ್ಮನವಿ ಅಥವಾ ತನಿಖೆ ನಡೆಯುತ್ತಿದ್ದರೆ ಇನ್ನೂ ಹೆಚ್ಚು. ಪೋರ್ಟಲ್ ಅಷ್ಟು ಕಾಲ ಕಾಯ್ದಿಡುತ್ತದೆಂದು ಎಣಿಸುವವರು 2024ರ ಸೆಪ್ಟೆಂಬರ್ ತಿಂಗಳನ್ನು ನೆನೆಯಬಹುದು. ಏಳು ವರ್ಷ ದಾಟಿದ ವಿವರಪತ್ರಗಳನ್ನು ವೀಕ್ಷಣೆಯಿಂದ ತೆಗೆಯಲಾಗುತ್ತಿದೆ ಎಂಬ ಪ್ರಕಟಣೆ ಆಗ ಹೊರಬಿತ್ತು. ವರ್ತಕ ವಲಯದ ಕೋರಿಕೆಯ ಮೇಲೆ ಅವು ಕೆಲವೇ ದಿನಗಳಲ್ಲಿ ಮರಳಿದವಾದರೂ, ಇಳಿಸಿಟ್ಟುಕೊಳ್ಳಿರೆಂಬ ಸೂಚನೆ ಅದರೊಡನೆಯೇ ಇತ್ತು.

ಆದಾಯ ತೆರಿಗೆಯ ಮರುಪಾವತಿಗೂ ಈ ಎಚ್ಚರ ಸಲ್ಲುತ್ತದೆ. ಅಲ್ಲಿ ಸಲ್ಲಿಕೆಯ ಜೊತೆಗೆ ದೃಢೀಕರಣವೂ ಆಗಬೇಕು. 120 ದಿನಗಳಿದ್ದ ಈ ಅವಕಾಶವನ್ನು 2022ರ ಆಗಸ್ಟ್ 1ರಿಂದ ಸಲ್ಲಿಸುವ ವಿವರಪತ್ರಗಳಿಗೆ 30 ದಿನಗಳಿಗೆ ಇಳಿಸಲಾಯಿತು. ಸಹಿ ಮಾಡಿದ ಕಾಗದವನ್ನು ಬೆಂಗಳೂರಿನ ಸಂಸ್ಕರಣ ಕೇಂದ್ರಕ್ಕೆ ಅಂಚೆಯಲ್ಲಿ ಕಳುಹಿಸುವವರು ಅಂಚೆಯ ರಸೀದಿಗೆ ತೃಪ್ತರಾಗದೆ, ಕೇಂದ್ರವು ಸ್ವೀಕರಿಸಿದ ಸಂದೇಶ ಬರುವವರೆಗೆ ಕಾಯಬೇಕು.

ಅರವತ್ತು ದಿನ ಕಳೆದರೆ

ಮೊದಲು ಸಂಬಂಧಪಟ್ಟ ಅಧಿಕಾರಿಗೆ ಒಂದು ಪುಟದ ಪತ್ರ ಸಾಕು. ಎಆರ್‌ಎನ್, ಅದರ ದಿನಾಂಕ, ಆರ್‌ಎಫ್‌ಡಿ-02ರ ದಿನಾಂಕ, ಅರವತ್ತನೆಯ ದಿನ ಮತ್ತು ಕಲಂ 56ರ ಬಡ್ಡಿಯ ಕೋರಿಕೆ ಇಷ್ಟನ್ನು ಬರೆದು ಸ್ವೀಕೃತಿ ಪಡೆಯಬೇಕು. ದೀರ್ಘವಾದ ಅಳಲಿಗಿಂತ ಈ ನಾಲ್ಕು ಸಾಲುಗಳಿಗೆ ತೂಕ ಹೆಚ್ಚು. ಉತ್ತರ ಬಾರದಿದ್ದರೆ ಮೇಲಧಿಕಾರಿಗೆ, ಬಳಿಕ ಕೇಂದ್ರ ಸರ್ಕಾರದ ಸಿಪಿಗ್ರಾಮ್ಸ್ ಕುಂದುಕೊರತೆ ವ್ಯವಸ್ಥೆಗೆ ಬರೆಯಬಹುದು. ದೂರಿನ ನೋಂದಣಿ ಸಂಖ್ಯೆಯೂ ಕಡತಕ್ಕೆ ಸೇರಲಿ. ಮೊತ್ತ ದೊಡ್ಡದಿದ್ದು ಯಾವುದೂ ಫಲಿಸದಿದ್ದಲ್ಲಿ ಉಚ್ಚ ನ್ಯಾಯಾಲಯದ ರಿಟ್ ಅರ್ಜಿ ಉಳಿದಿದೆ.

ಅರ್ಜಿ ತಿರಸ್ಕೃತವಾದರೆ ಕಲಂ 107ರ ಮೇಲ್ಮನವಿಗೆ ಆದೇಶ ತಲುಪಿದ ದಿನದಿಂದ ಮೂರು ತಿಂಗಳ ಅವಕಾಶವಿದೆ. ಸಕಾರಣವಿದ್ದರೆ ಇನ್ನೊಂದು ತಿಂಗಳು, ಅದಕ್ಕೂ ಮೀರಿ ಇಲ್ಲ. ತಿರಸ್ಕೃತ ಮೊತ್ತವನ್ನು ಜಮೆಯ ಖಾತೆಗೆ ಮರಳಿ ಪಡೆಯಬೇಕಾದರೆ ಮೇಲ್ಮನವಿ ಸಲ್ಲಿಸುವುದಿಲ್ಲವೆಂದು ಬರೆದುಕೊಡಬೇಕಾಗುತ್ತದೆ. ಈ ಬರಹಕ್ಕೆ ಸಹಿ ಹಾಕುವ ಮುನ್ನ, ಆ ಜಮೆಯನ್ನು ಬಳಸಲು ಸಾಕಷ್ಟು ಸ್ವದೇಶಿ ಮಾರಾಟವಿದೆಯೇ ಎಂದು ಲೆಕ್ಕ ಹಾಕಿ ನೋಡಬೇಕು.