ಹದಿಹರೆಯದ ಮಕ್ಕಳ ಪಾನೀಯ ಮತ್ತು ಮೈತೂಕ

ಬೆಳೆಯುವ ಮಕ್ಕಳಿಗೆ ಕಾಳು, ಸೊಪ್ಪು, ಮೊಟ್ಟೆ ಬೇಕೆಂಬುದನ್ನು ನೀವು ಬಲ್ಲಿರಿ. ಆದರೆ ಅದೇ ಮಕ್ಕಳು ದಿನವಿಡೀ ಏನು ಕುಡಿಯುತ್ತಾರೆಂಬುದನ್ನು ಗಮನಿಸುವ ದಂಪತಿಗಳು ವಿರಳ. ತಿಂದದ್ದು ಆಹಾರ, ಕುಡಿದದ್ದು ಬರಿಯ ನೀರು ಎಂಬ ಭಾವನೆಯೇ ಇದಕ್ಕೆ ಕಾರಣ. ಈ ಭಾವನೆ ಸರಿಯಲ್ಲ.

ಹೆಣ್ಣುಮಕ್ಕಳಲ್ಲಿ ಸುಮಾರು ಹತ್ತನೆಯ ವಯಸ್ಸಿನಿಂದ, ಗಂಡುಮಕ್ಕಳಲ್ಲಿ ಅದಕ್ಕಿಂತ ಎರಡು ವರ್ಷ ತಡವಾಗಿ, ದೇಹವು ವೇಗವಾಗಿ ಬೆಳೆಯತೊಡಗುತ್ತದೆ. ಆಗ ತೂಕ ಏರುವುದು ಸಹಜ, ಏರಲೇಬೇಕು. ಆ ತೂಕವು ಎಲುಬು ಮತ್ತು ಸ್ನಾಯುಗಳಿಂದ ಬರುತ್ತಿದೆಯೋ, ಬೇಡದ ಕೊಬ್ಬಿನಿಂದ ಬರುತ್ತಿದೆಯೋ ಎಂಬುದು ಮುಖ್ಯ.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಬೀದಿಯ ಅಂಗಡಿಯಲ್ಲಿ ದೊರೆಯುವ ಹಲವು ತಂಪು ಪಾನೀಯಗಳಲ್ಲಿ 100 ಮಿಲಿಲೀಟರಿಗೆ ಸುಮಾರು 10 ಗ್ರಾಂ ಸಕ್ಕರೆ ಇರುತ್ತದೆ. 250 ಮಿಲಿಲೀಟರಿನ ಒಂದು ಸೀಸೆ ಎಂದರೆ 25 ಗ್ರಾಂ, ಅಂದರೆ ಐದು ಗ್ರಾಂ ಹಿಡಿಯುವ ಚಮಚದಲ್ಲಿ ಐದು ಚಮಚ ಸಕ್ಕರೆ. ಗ್ರಾಂ ಒಂದಕ್ಕೆ ನಾಲ್ಕು ಕಿಲೋಕ್ಯಾಲರಿಯಂತೆ ಇದರಿಂದ 100 ಕಿಲೋಕ್ಯಾಲರಿ ದೊರೆಯಿತು. ಮಾವಿನ ಚಿತ್ರವಿರುವ ಪೊಟ್ಟಣದ ರಸಗಳಲ್ಲಿ ಸಕ್ಕರೆ ಇದಕ್ಕಿಂತ ಹೆಚ್ಚಿರುವುದೂ ಉಂಟು. ಹಣ್ಣಿನ ಚಿತ್ರ ಕಂಡು ಮೋಸಹೋಗಬಾರದು. ಪೊಟ್ಟಣದ ಹಿಂಬದಿಯಲ್ಲಿ ಸಕ್ಕರೆಯ ಪ್ರಮಾಣ ಅಚ್ಚಾಗಿರುತ್ತದೆ, ಓದುಬಲ್ಲ ಮಗನಿಂದಲೇ ಅದನ್ನು ಓದಿಸಿರಿ.

ರೊಟ್ಟಿಯನ್ನೋ ಮುದ್ದೆಯನ್ನೋ ತಿಂದರೆ ಹೊಟ್ಟೆ ತುಂಬಿದ ಅನುಭವವಾಗಿ, ಮುಂದಿನ ಊಟ ತಾನಾಗಿಯೇ ತಗ್ಗುತ್ತದೆ. ಕುಡಿದ ಸಕ್ಕರೆಗೆ ಈ ಗುಣ ಕಡಿಮೆ. ಮಗ ಸೀಸೆ ಬರಿದುಮಾಡಿ ಬಂದು, ಎಂದಿನಷ್ಟೇ ಊಟ ಮಾಡುತ್ತಾನೆ. ಹೀಗೆ ನಿತ್ಯವೂ ಮಿಕ್ಕ ಶಕ್ತಿಯು ಕೊಬ್ಬಾಗಿ ಶೇಖರವಾಗುತ್ತದೆ. ಮುಂದೆ ಮಧುಮೇಹ, ರಕ್ತದೊತ್ತಡಗಳಿಗೆ ಇದು ದಾರಿ ಮಾಡಿಕೊಡಬಹುದು. ಹಲ್ಲುಗಳಂತೂ ಅದಕ್ಕೂ ಮೊದಲೇ ಹುಳುಕಾಗುತ್ತವೆ.

ಅಂಗಡಿಯವನನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ಎರಡು ಚಮಚ ಸಕ್ಕರೆ ಹಾಕಿದ ಚಹಾ ದಿನಕ್ಕೆ ನಾಲ್ಕು ಲೋಟವಾದರೆ ಎಂಟು ಚಮಚವಾಯಿತು. ಸಕ್ಕರೆಗೆ ಬದಲು ಬೆಲ್ಲ ಹಾಕಿದರೆ ದೋಷವಿಲ್ಲವೆಂದು ಹಿರಿಯರು ಹೇಳುವುದುಂಟು. ತೂಕದ ಮಟ್ಟಿಗೆ ಬೆಲ್ಲವೂ ಹೆಚ್ಚುಕಡಿಮೆ ಸಕ್ಕರೆಯೇ. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ನೀಡಿದ ಸಲಹೆಯಂತೆ, ಇಂತಹ ಸಕ್ಕರೆಯಿಂದ ಬರುವ ಶಕ್ತಿಯು ದಿನದ ಒಟ್ಟು ಶಕ್ತಿಯ ಹತ್ತನೆಯ ಒಂದು ಪಾಲಿಗಿಂತ ಕಡಿಮೆಯಿರಬೇಕು. ಅದರ ಅರ್ಧಕ್ಕೆ ಇಳಿಸಿದರೆ ಇನ್ನೂ ಉತ್ತಮ.

ಅದೇ ಮನೆಯಲ್ಲಿ ಮಗಳು ಸೊರಗಿರಬಹುದು. ಬೆಳಿಗ್ಗೆ ಒಂದು ಲೋಟ ಚಹಾ ಕುಡಿದು, ತಿಂಡಿ ಬಿಟ್ಟು ಶಾಲೆಗೆ ಓಡುವ ಹುಡುಗಿಯರು ಎಷ್ಟು ಮಂದಿ! ಮಗನಿಗೆ ಪಾನೀಯವು ಊಟದ ಮೇಲೆ ಸೇರಿದರೆ, ಮಗಳಿಗೆ ಊಟದ ಸ್ಥಾನವನ್ನೇ ಕಸಿದುಕೊಂಡಿತು. ಸಾಲದುದಕ್ಕೆ, ಊಟದ ಜೊತೆಯಲ್ಲಿ ಕುಡಿದ ಚಹಾ, ಕಾಫಿಗಳು ಆಹಾರದ ಕಬ್ಬಿಣಾಂಶವು ರಕ್ತಕ್ಕೆ ಸೇರದಂತೆ ತಡೆಯುತ್ತವೆ. ಮುಟ್ಟು ಆರಂಭವಾದ ಹುಡುಗಿಗೆ ಇದು ಸಣ್ಣ ನಷ್ಟವಲ್ಲ. ಊಟಕ್ಕೆ ಒಂದು ಗಂಟೆ ಮೊದಲು ಮತ್ತು ಒಂದು ಗಂಟೆ ನಂತರ ಚಹಾ ಕೊಡದಿರುವುದು ಒಳ್ಳೆಯದು.

ಹಾಗಾದರೆ ಏನನ್ನು ಕೊಡಬೇಕು? ಬಾಯಾರಿಕೆಗೆ ಕಾಯಿಸಿ ಆರಿಸಿದ ನೀರಿಗಿಂತ ಮಿಗಿಲಾದುದಿಲ್ಲ. ನೀರುಮಜ್ಜಿಗೆಯನ್ನು ಎರಡು ಲೋಟ ಕುಡಿದರೂ ಚಿಂತೆಯಿಲ್ಲ, ಉಪ್ಪು ಮಾತ್ರ ಮಿತವಾಗಿರಲಿ. 200 ಮಿಲಿಲೀಟರ್ ಹಸುವಿನ ಹಾಲಿನಲ್ಲಿ ಸುಮಾರು ಆರು ಗ್ರಾಂ ಸಸಾರಜನಕವೂ ಎಲುಬಿಗೆ ಬೇಕಾದ ಸುಣ್ಣಾಂಶವೂ ಇವೆ. ಹಾಲೆಲ್ಲವನ್ನೂ ಡೈರಿಗೆ ಅಳೆದು, ಬಂದ ಹಣದಲ್ಲಿ ಮಕ್ಕಳಿಗೆ ಬಣ್ಣದ ನೀರು ಕೊಡಿಸುವ ವ್ಯಾಪಾರದಲ್ಲಿ ಲಾಭ ಯಾರಿಗೆಂದು ಗಂಡಹೆಂಡಿರು ಕುಳಿತು ಯೋಚಿಸಬೇಕು. ಸೊರಗಿದ ಮಗುವಿಗೆ ಮಜ್ಜಿಗೆ ಬೆರೆಸಿದ ರಾಗಿ ಅಂಬಲಿಯು ಚಹಾಕ್ಕಿಂತ ಎಷ್ಟೋ ಮೇಲು. ಜಾತ್ರೆಯಲ್ಲೋ ಮದುವೆಯಲ್ಲೋ ಒಂದು ಸೀಸೆ ಕುಡಿದರೆ ಗದರಿಸುವ ಅಗತ್ಯವಿಲ್ಲ. ಆದರೆ ಉತ್ಸಾಹ ತರುವುದೆಂದು ಮಾರುವ ಕೆಫೀನ್ ಪಾನೀಯಗಳು ಮಕ್ಕಳಿಗೆ ಕೂಡದು. ಅವುಗಳ ಡಬ್ಬಿಯ ಮೇಲೆಯೇ ಹಾಗೆಂದು ಎಚ್ಚರಿಕೆ ಬರೆದಿರುತ್ತದೆ.

ದಪ್ಪಗಿರುವ ಮಗುವನ್ನು ನೆಂಟರಿಷ್ಟರ ಎದುರಿನಲ್ಲಿ ಹಂಗಿಸಬೇಡಿರಿ, ಉಪವಾಸ ಕೆಡವಲೂ ಬೇಡಿರಿ. ಮನೆಯವರೆಲ್ಲರ ಚಹಾದಲ್ಲಿಯೂ ವಾರಕ್ಕೆ ಅರ್ಧ ಚಮಚದಂತೆ ಸಕ್ಕರೆ ಇಳಿಸುತ್ತ ಬನ್ನಿರಿ. ತಂದೆ ಬಿಡದ ಸಿಹಿಯನ್ನು ಮಗನೊಬ್ಬನೇ ಬಿಡಲಾರ. ತೂಕವು ಸರಿಯೇ ಎಂಬುದನ್ನು ಕಣ್ಣಳತೆಯಿಂದ ತೀರ್ಮಾನಿಸದೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎತ್ತರ, ತೂಕ ಎರಡನ್ನೂ ಅಳೆಯಿಸಿರಿ.

ಇನ್ನೊಂದು ಮಾತು. ಮಗು ಹಗಲಿರುಳು ಬಾಯಾರಿ ಚೊಂಬುಗಟ್ಟಲೆ ನೀರು ಕುಡಿಯುತ್ತ, ಪದೇ ಪದೇ ಮೂತ್ರಕ್ಕೆ ಏಳುತ್ತ, ಉಂಡರೂ ಇಳಿದುಹೋಗುತ್ತಿದ್ದರೆ ಅದು ಮಧುಮೇಹವಿರಬಹುದು. ಎಳೆಯರಿಗೂ ಆ ರೋಗ ಬರುತ್ತದೆ. ತಡಮಾಡಿದರೆ ಪ್ರಾಣಕ್ಕೆ ಅಪಾಯ. ಹರಕೆ, ಮನೆಮದ್ದು ಎಂದು ಕಾಯದೆ ಅದೇ ದಿನ ವೈದ್ಯರ ಬಳಿಗೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಿರಿ.