ದಿನಕ್ಕೆ ಮೂರು ಸಾಲು



ಸಂಘದ ಠರಾವು, ಉಳಿತಾಯ, ಸಾಲದ ಲೆಕ್ಕವನ್ನು ನಾವು ತಪ್ಪದೆ ಬರೆಯುತ್ತೇವೆ. ನಮ್ಮ ಬದುಕಿನ ಲೆಕ್ಕ ಎಲ್ಲಾದರೂ ಬರೆದಿದ್ದೇವಾ? 'ಬರೆಯೋಕೆ ನಮ್ದೇನಿದೆ ಸಿಸ್ಟರ್?' ಅಂತೀರಿ. ಹೆಣ್ಣು ಓದಬಾರದು ಎನ್ನುತ್ತಿದ್ದ ಕಾಲದಲ್ಲಿ ಬಂಗಾಳದ ರಾಸಸುಂದರಿ ದೇವಿ ಅಡುಗೆಮನೆಯಲ್ಲಿ ಕದ್ದು ಅಕ್ಷರ ಕಲಿತರು. ಅಡುಗೆ, ಮಕ್ಕಳು, ಮನೆಗೆಲಸ ಇವನ್ನೇ ಬರೆದರು. 1876ರಲ್ಲಿ ಅದು ಪುಸ್ತಕವಾಯಿತು.

ಒಂದು ನೋಟ್‌ಬುಕ್ ಸಾಕು. ರಾತ್ರಿ ತಾರೀಕು ಹಾಕಿ ಮೂರು ಸಾಲು ಬರೆಯಿರಿ:

1. ಇವತ್ತು ಏನೇನು ಕೆಲಸ ಮಾಡಿದೆ?
2. ಯಾವ ಮಾತಿಗೆ ಖುಷಿ ಅಥವಾ ನೋವಾಯ್ತು?
3. ಯಾವುದನ್ನು ನಾನೇ ತೀರ್ಮಾನ ಮಾಡಿದೆ?

ಕಾಗುಣಿತ ತಪ್ಪಿದರೂ ಚಿಂತೆಯಿಲ್ಲ. ಅಕ್ಷರ ಬಾರದವರು ಮಗಳ ಕೈಲಿ ಬರೆಸಿ. ಮೂರನೆಯ ಸಾಲು ದಿನವೂ ಖಾಲಿಯೇ ಉಳಿದರೆ, ಸಂಘದ ಸಭೆಯಲ್ಲಿ ಅದರ ಬಗ್ಗೆಯೇ ಮಾತಾಡೋಣ.