ಮಂದವಾದ ಎಣ್ಣೆ ಏಕೆ ಸೋರುತ್ತದೆ?

ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿಗಳ ಕಡೆಯ ಮನೆಗಳಲ್ಲಿ ನೆಲಕ್ಕೆ ಶಹಾಬಾದ ಕಲ್ಲಿನ ಫರಸಿಯನ್ನು ಹಾಸುವುದು ಹಳೆಯ ವಾಡಿಕೆ. ನುಣುಪಾದ ಈ ಸುಣ್ಣಕಲ್ಲು ಕಾಲಿಗೆ ತಂಪು, ಕಣ್ಣಿಗೆ ಹಿತ. ಆದರೆ ಅದಕ್ಕೊಂದು ದೋಷವುಂಟು: ಎಣ್ಣೆ ಬಿದ್ದರೆ ಹೀರಿಕೊಂಡು ಕಲೆಯನ್ನು ಉಳಿಸಿಕೊಳ್ಳುತ್ತದೆ. ದೇವರ ದೀಪದ ಕೆಳಗೆ ಇಂಥ ಕಲೆಯನ್ನು ಕಾಣದವರು ವಿರಳ. ಒಂದು ಬೇಸಗೆಯಲ್ಲಿ ನಮ್ಮ ಪ್ರಯೋಗಶಾಲೆಯ ಫರಸಿಯ ಮೇಲೂ ಅಂಥದೊಂದು ಕಲೆ ಮೂಡಿತು. ಅದರ ಕಾರಣವನ್ನು ಹುಡುಕುತ್ತ ಹೋದಾಗ ನಾವು ಕಂಡುಕೊಂಡುದನ್ನು ಇಲ್ಲಿ ವಾಚಕರ ಮುಂದಿಡುತ್ತೇವೆ.

ನಮ್ಮ ಕೆಲವು ವಿದ್ಯಾರ್ಥಿಗಳು ವಿಜ್ಞಾನ ಪ್ರದರ್ಶನಕ್ಕೆಂದು ಸೊಳ್ಳೆ ಓಡಿಸುವ ವಿದ್ಯುತ್ ಯಂತ್ರದ ಖಾಲಿ ಸೀಸೆಯಲ್ಲಿ ಬೇವಿನ ಎಣ್ಣೆಯನ್ನು ಕರ್ಪೂರದೊಡನೆ ತುಂಬಿದ್ದರು. ಈ ಯಂತ್ರದ ರಚನೆ ಸರಳವಾದುದು. ಸೀಸೆಯಲ್ಲಿರುವ ದ್ರವವನ್ನು ಸೂಕ್ಷ್ಮರಂಧ್ರಗಳುಳ್ಳ ಒಂದು ಬತ್ತಿಕಡ್ಡಿ ಮೇಲಕ್ಕೆ ಹೀರುತ್ತದೆ. ಕಡ್ಡಿಯ ತುದಿಯ ಸುತ್ತ ಇರುವ ಬಿಸಿಬಳೆ ಅದನ್ನು ಆವಿಯಾಗಿಸುತ್ತದೆ. ಅಂಗಡಿಯ ದ್ರವ ಸೀಮೆಎಣ್ಣೆಯಂತೆ ತೆಳುವಾದುದು. ಬೇವಿನ ಎಣ್ಣೆಯಾದರೋ ಮಂದವಾದುದು, ಚಳಿಯಲ್ಲಿ ಹೆಪ್ಪುಗಟ್ಟುವಂಥದು. ಕಡ್ಡಿ ಅದನ್ನು ಹೀರಲಿಲ್ಲ. ಆಗ ವಿದ್ಯಾರ್ಥಿಗಳು ಕಡ್ಡಿಯನ್ನು ಕಿತ್ತು, ಅಗಲವಾದ ಕೊಳವೆಯೊಂದನ್ನು ಎಣ್ಣೆಯೊಳಗೆ ಇಳಿಬಿಟ್ಟು, ಅದರಲ್ಲಿ ಹತ್ತಿಯ ಬತ್ತಿಯನ್ನು ಸಡಿಲವಾಗಿ ಸೇರಿಸಿ, ಸೋರಬಾರದೆಂದು ಬಿರಡೆಯ ಸುತ್ತಲಿನ ಸಂದುಗಳನ್ನೆಲ್ಲ ಮೇಣದಿಂದ ಮುಚ್ಚಿದರು. ಬೆಳಿಗ್ಗೆ ಎಲ್ಲವೂ ಸರಿಯಾಗಿಯೇ ಇತ್ತು. ಮಧ್ಯಾಹ್ನದ ಹೊತ್ತಿಗೆ, ವಿದ್ಯುತ್ತನ್ನು ಹಾಯಿಸುವ ಮುನ್ನವೇ, ಎಣ್ಣೆ ಹರಿದು ಮೇಜಿನಿಂದ ಫರಸಿಗೆ ಇಳಿದಿತ್ತು.

“ಎಣ್ಣೆ ಇಷ್ಟು ಮಂದವಾಗಿದೆ, ಸಂದುಗಳನ್ನೆಲ್ಲ ಮುಚ್ಚಿದ್ದೇವೆ, ಆದರೂ ಸೋರಿತಲ್ಲ, ಸರ್!” ಎಂಬುದು ಅವರ ಅಚ್ಚರಿ. ಈ ಮಾತಿನಲ್ಲಿ ಎರಡು ತಪ್ಪು ನಂಬಿಕೆಗಳು ಅಡಗಿವೆ. ಒಂದೊಂದನ್ನಾಗಿ ಪರಿಶೀಲಿಸೋಣ.

ಮೊದಲನೆಯದು ಎಣ್ಣೆಯ ಮಂದತೆ. ದ್ರವದ ಪದರಗಳು ಒಂದರ ಮೇಲೊಂದು ಜಾರುವಾಗ ತೋರುವ ತಡೆಗೆ ಸ್ನಿಗ್ಧತೆ ಎಂದು ಹೆಸರು. ಅದನ್ನು ಅಳೆಯುವ ಮಾನಕ್ಕೆ ಸೆಂಟಿಪಾಯ್ಸ್ ಎನ್ನುತ್ತಾರೆ. ಸಣ್ಣ ಕೊಳವೆಗಳಲ್ಲಿ ದ್ರವ ಹರಿಯುವ ಬಗೆಯನ್ನು 1840ರ ಸುಮಾರಿನಲ್ಲಿ ಅಳೆದು ತೋರಿಸಿದ ಫ್ರೆಂಚ್ ವೈದ್ಯ ಪಾಯ್ಸೆಯ ಹೆಸರೇ ಈ ಮಾನಕ್ಕೆ ಬಂದಿದೆ. 20 ಡಿಗ್ರಿ ಸೆಂಟಿಗ್ರೇಡಿನಲ್ಲಿ ನೀರಿನ ಸ್ನಿಗ್ಧತೆ ಸುಮಾರು 1 ಸೆಂಟಿಪಾಯ್ಸ್. ನಮಗೆಲ್ಲ ಪರಿಚಿತವಾದ ಔಡಲೆಣ್ಣೆಯದು ಅದೇ ಉಷ್ಣತೆಯಲ್ಲಿ ಸುಮಾರು 986. ಅಂದರೆ ಅದು ನೀರಿಗಿಂತ ಹೆಚ್ಚುಕಡಮೆ ಸಾವಿರ ಪಟ್ಟು ಮಂದ. ಆದರೆ ಉಷ್ಣತೆ 30 ಡಿಗ್ರಿಗೆ ಏರಿದಾಗ ಈ ಅಂಕೆ 451ಕ್ಕೂ, 40 ಡಿಗ್ರಿಯಲ್ಲಿ 231ಕ್ಕೂ ಇಳಿಯುತ್ತದೆ. ನಮ್ಮ ಕಡೆಯ ಏಪ್ರಿಲ್–ಮೇ ತಿಂಗಳುಗಳಲ್ಲಿ ನೆರಳಿನಲ್ಲಿಯೇ 40 ಡಿಗ್ರಿ ದಾಟುವುದು ಅಪರೂಪವಲ್ಲ. ಹಾಗಾಗಿ ಚಳಿಗಾಲದಲ್ಲಿ ಸೋರದೆ ನಿಂತಂತೆ ತೋರಿದ ಎಣ್ಣೆ ಬೇಸಗೆಯಲ್ಲಿ ನಾಲ್ಕು ಪಟ್ಟು ಬೇಗ ಹರಿಯುತ್ತದೆ.

ಪಾಯ್ಸೆಯ ನಿಯಮದಲ್ಲಿ ಇನ್ನೊಂದು ಮಾತೂ ಇದೆ. ಹರಿವಿನ ಪ್ರಮಾಣ ಕೊಳವೆಯ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ. ತ್ರಿಜ್ಯ ಇಮ್ಮಡಿಯಾದರೆ ಹರಿವು ಹದಿನಾರು ಪಟ್ಟು. ಆರು ಪಟ್ಟಾದರೆ 1296 ಪಟ್ಟು. ಬತ್ತಿಗೆಂದು ದಾರಿಯನ್ನು ಅಗಲಿಸಿದ ವಿದ್ಯಾರ್ಥಿಗಳು ಎಣ್ಣೆಯ ಮಂದತೆಯಿಂದ ಬಂದ ರಕ್ಷಣೆಯನ್ನು ತಾವೇ ಕಳೆದುಕೊಂಡಿದ್ದರು. ಇಷ್ಟಾದರೂ ಸ್ನಿಗ್ಧತೆಯ ಕೆಲಸ ತಡಮಾಡುವುದೇ ಹೊರತು ತಡೆಯುವುದಲ್ಲ. ತಳ್ಳುವ ಒತ್ತಡ ಇರುವವರೆಗೆ ಎಷ್ಟು ಮಂದವಾದ ಎಣ್ಣೆಯೂ ನಿಧಾನವಾಗಿಯಾದರೂ ಹರಿದೇ ತೀರುತ್ತದೆ.

ಹಾಗಾದರೆ ಆ ಒತ್ತಡ ಬಂದುದೆಲ್ಲಿಂದ? ಇದೇ ಎರಡನೆಯ ತಪ್ಪು ನಂಬಿಕೆಯ ವಿಷಯ. ಸೀಸೆಯಲ್ಲಿ ಎಣ್ಣೆಯ ಮೇಲ್ಗಡೆ ಗಾಳಿ ಸಿಕ್ಕಿಕೊಂಡಿತ್ತು. ಬೆಳಗಿನ 27 ಡಿಗ್ರಿ, ಎಂದರೆ ಸುಮಾರು 300 ಕೆಲ್ವಿನ್, ಮಧ್ಯಾಹ್ನಕ್ಕೆ 42 ಡಿಗ್ರಿ ಆಯಿತೆಂದಿಟ್ಟುಕೊಳ್ಳೋಣ. ಹದಿನೈದು ಡಿಗ್ರಿಯ ಏರಿಕೆಯೆಂದರೆ ಮುನ್ನೂರರ ಇಪ್ಪತ್ತನೆಯ ಒಂದು ಪಾಲು. ಗಾಳಿ ಹಿಗ್ಗಲು ಎಡೆಯಿಲ್ಲದಿದ್ದರೆ ಅದರ ಒತ್ತಡವೂ ಇಪ್ಪತ್ತರಲ್ಲಿ ಒಂದು ಪಾಲು ಹೆಚ್ಚುತ್ತದೆ. ವಾಯುಮಂಡಲದ ಒತ್ತಡ ಸುಮಾರು ಹತ್ತು ಮೀಟರ್ ಎತ್ತರದ ನೀರಿನ ಕಂಬಕ್ಕೆ ಸಮನಾದುದರಿಂದ, ಈ ಹೆಚ್ಚಳ ಅರ್ಧ ಮೀಟರ್ ನೀರಿನ ಕಂಬಕ್ಕೆ ಸಮ. ಕೊಳವೆಯ ಬಾಯಿಯಾದರೋ ಎಣ್ಣೆಯ ಮಟ್ಟದಿಂದ ಕೆಲವೇ ಸೆಂಟಿಮೀಟರ್ ಮೇಲಿತ್ತು. ಪ್ರಯೋಗಶಾಲೆಯ ತೊಳೆಸೀಸೆಯನ್ನು ಬಲ್ಲವರಿಗೆ ಇಲ್ಲಿ ನಡೆದುದು ಕೂಡಲೇ ಹೊಳೆಯುತ್ತದೆ: ಅಲ್ಲಿ ನಾವು ಬಾಯಿಂದ ಊದಿ ನೀರನ್ನು ಹೊರಡಿಸುತ್ತೇವೆ, ಇಲ್ಲಿ ಬಿಸಿಲೇ ಊದಿತ್ತು. ಸೀಸೆಯಲ್ಲಿ 30 ಮಿಲಿಲೀಟರ್ ಗಾಳಿಯಿದ್ದರೆ ಅದು ಹಿಗ್ಗಿ ಸುಮಾರು ಒಂದೂವರೆ ಮಿಲಿಲೀಟರ್ ಎಣ್ಣೆಯನ್ನು ಹೊರದೂಡುತ್ತದೆ. ಫರಸಿಯ ಮೇಲೆ ಕಲೆ ಮೂಡಲು ಅಷ್ಟು ಧಾರಾಳವಾಗಿ ಸಾಕು. ಮೇಣವೇ ಇಲ್ಲದಿದ್ದರೆ ಗಾಳಿ ಸಂದಿನಿಂದ ಹೊರಟುಹೋಗಿ ಎಣ್ಣೆ ತನ್ನ ಪಾಡಿಗೆ ತಾನಿರುತ್ತಿತ್ತು. ಸೋರಬಾರದೆಂದು ಮುಚ್ಚಿದುದೇ ಸೋರುವುದಕ್ಕೆ ಕಾರಣವಾಯಿತು.

ಕೊಳವೆಯ ಬಾಯನ್ನು ತೀರ ಕಿರಿದಾಗಿಸಿದರೆ ಎಣ್ಣೆ ನಿಲ್ಲಲಾರದೆ ಎಂದು ಕೆಲವರು ಕೇಳಬಹುದು. ಅರ್ಧ ಮಿಲಿಮೀಟರ್ ಅಗಲದ ರಂಧ್ರದಲ್ಲಿ ಎಣ್ಣೆಯ ಮೇಲ್ಮೈ ಎಳೆತ ತಡೆದು ನಿಲ್ಲಿಸಬಲ್ಲ ಒತ್ತಡ ಸುಮಾರು ಎರಡೂವರೆ ಸೆಂಟಿಮೀಟರ್ ನೀರಿನ ಕಂಬದಷ್ಟು ಮಾತ್ರ. ಎದುರಿಗಿರುವುದು ಐವತ್ತು ಸೆಂಟಿಮೀಟರ್! ಮೇಲಾಗಿ ಎಣ್ಣೆ ರಂಧ್ರದ ಅಂಚನ್ನು ಒದ್ದೆಮಾಡಿ ಹೊರಕ್ಕೆ ಹರಡಿತೆಂದರೆ ಆ ಅಲ್ಪ ತಡೆಯೂ ಕುಂದುತ್ತದೆ.

ಈಗ ಪರಿಹಾರ ಸುಲಭ. ಮೊದಲನೆಯ ಸೂತ್ರ: ಗಾಳಿಗೆ ಬೇರೆ ದಾರಿ ಬೇಕು. ಬಿರಡೆಯಲ್ಲಿ, ಎಣ್ಣೆಯನ್ನು ಮುಟ್ಟದಂತೆ, ಒಂದು ಕಿರುಗೊಳವೆಯನ್ನು ಇಡಬೇಕು. ಹಗಲು ಹಿಗ್ಗಿದ ಗಾಳಿ ಅದರಿಂದ ಹೊರಡುತ್ತದೆ, ರಾತ್ರಿ ಕುಗ್ಗಿದಾಗ ಒಳಬರುತ್ತದೆ. ಸೀಸೆ ಉರುಳಿದರೆ ಈ ದಾರಿಯಿಂದಲೇ ಎಣ್ಣೆ ಚೆಲ್ಲಬಹುದಲ್ಲ ಎಂಬ ಸಂಶಯಕ್ಕೆ ಹಳೆಯ ಶಾಲೆಗಳ ಚೆಲ್ಲದ ಮಸಿಕುಡಿಕೆಯೇ ಉತ್ತರ. ಅದರ ಬಾಯಿ ಆಲಿಕೆಯಂತೆ ಒಳಮುಖವಾಗಿ ಇಳಿದಿರುತ್ತದೆ. ಕುಡಿಕೆ ಅಡ್ಡಬಿದ್ದರೂ ಮಸಿ ಸುತ್ತಲಿನ ಜಾಗದಲ್ಲಿ ನಿಲ್ಲುತ್ತದೆ. ಅದರಂತೆಯೇ ಗಾಳಿಗೊಳವೆಯ ಒಳತುದಿ ಸೀಸೆಯ ನಟ್ಟನಡುವೆ ಇದ್ದು, ಎಣ್ಣೆ ಅರ್ಧಕ್ಕಿಂತ ಕಡಮೆಯಿದ್ದರೆ, ಸೀಸೆ ಹೇಗೆ ಉರುಳಿದರೂ ಆ ತುದಿ ಮುಳುಗುವುದಿಲ್ಲ. ಇನ್ನು ಬತ್ತಿಯ ದಾರಿಯಿಂದ ಜಿನುಗುವ ಎಣ್ಣೆಗೆ ಸ್ನಿಗ್ಧತೆಯೇ ತಡೆ: ಸೀಸೆಯನ್ನು ಎತ್ತಿ ನಿಲ್ಲಿಸಲು ಬೇಕಾದ ಸಮಯವನ್ನು ಅದು ಒದಗಿಸುತ್ತದೆ.

ಎರಡನೆಯ ಸೂತ್ರ: ಎಣ್ಣೆ ಏರಬೇಕಾದ ಎತ್ತರ ಕಡಮೆಯಿರಬೇಕು. ಬತ್ತಿಯ ಎಳೆಗಳ ನಡುವಣ ಸಂದುಗಳು ಲೋಮನಾಳಗಳಂತೆ ದ್ರವವನ್ನು ಮೇಲಕ್ಕೆಳೆಯುತ್ತವೆ. ದ್ರವ ಮಂದವಾದಷ್ಟೂ ಈ ಏರಿಕೆ ನಿಧಾನ. ನಮ್ಮ ಹಿರಿಯರು ಇದನ್ನು ಅನುಭವದಿಂದ ಅರಿತಿದ್ದರು. ಔಡಲೆಣ್ಣೆ, ಕುಸುಬೆ ಎಣ್ಣೆಗಳ ಹಣತೆ ಆಳವಿಲ್ಲದ್ದು, ಅದರಲ್ಲಿ ಎಣ್ಣೆ ಜ್ವಾಲೆಯ ಮಗ್ಗುಲಲ್ಲೇ ಇರುತ್ತದೆ. ತೆಳುವಾದ ಸೀಮೆಎಣ್ಣೆಯ ಚಿಮಣಿಗೆ ಮಾತ್ರ ಎತ್ತರದ ಬುಡ್ಡಿ. ಹಣತೆಯ ಬತ್ತಿ ಅಂಚನ್ನು ದಾಟಿ ಎಣ್ಣೆಯ ಮಟ್ಟಕ್ಕಿಂತ ಕೆಳಕ್ಕೆ ಜೋತುಬಿದ್ದರೆ ಮಾತ್ರ ಅದೇ ಬತ್ತಿ ಎಣ್ಣೆಯನ್ನು ಹೊರಕ್ಕೆ ಸುರಿಸತೊಡಗುತ್ತದೆ. ದೇವರ ದೀಪದ ಕೆಳಗಣ ಅನೇಕ ಕಲೆಗಳ ಗುಟ್ಟು ಇದೇ.

ಮೂರನೆಯ ಸೂತ್ರ: ಕೂಡಿಟ್ಟ ಎಣ್ಣೆ ತಂಪಾಗಿರಲಿ, ಬಳಸುವ ಎಡೆಯಲ್ಲಿ ಮಾತ್ರ ಬಿಸಿಯಾಗಲಿ. ಇದಕ್ಕೆ ದೊಡ್ಡ ಪ್ರಮಾಣದ ನಿದರ್ಶನ ನಮ್ಮ ನೆರೆಯಲ್ಲೇ ಉಂಟು. ಕಾಲಕೆಳಗಿನ ಫರಸಿಯ ಜಾತಿಯ ಸುಣ್ಣಕಲ್ಲನ್ನೇ ವಾಡಿ, ಸೇಡಂ, ಚಿಂಚೋಳಿ ಕಡೆಯ ಸಿಮೆಂಟ್ ಕಾರ್ಖಾನೆಗಳು ಸುಮಾರು 1450 ಡಿಗ್ರಿ ಉಷ್ಣತೆಯಲ್ಲಿ ಸುಡುತ್ತವೆ. ಇಂಥ ಗೂಡುಗಳಲ್ಲಿ ಸಾಮಾನ್ಯವಾಗಿ ಉರಿಯುವುದು ಕಲ್ಲಿದ್ದಲಿನ ಪುಡಿ. ತಣ್ಣಗಿರುವ ಗೂಡನ್ನು ಹೊತ್ತಿಸುವಾಗ ಎಣ್ಣೆಯನ್ನು ಬಳಸುವುದುಂಟು. ಮಂದವಾದ ಕುಲುಮೆ ಎಣ್ಣೆಯನ್ನು ಉರಿಸುವಲ್ಲೆಲ್ಲ ತೊಟ್ಟಿಯಲ್ಲಿ ಅದನ್ನು ಪಂಪಿಗೆ ಒಗ್ಗುವಷ್ಟು ಮಾತ್ರ ಬೆಚ್ಚಗಿಟ್ಟು, ಉರಿಮೂತಿಯ ಸಮೀಪದಲ್ಲಿ ಸುಮಾರು 100 ಡಿಗ್ರಿಗೆ ಕಾಯಿಸಿ, ಸಣ್ಣ ತುಂತುರಾಗಿ ಒಡೆಯುತ್ತಾರೆ. ಉರಿಯನ್ನು ನಿಲ್ಲಿಸಿದ ಮೇಲೆ ಬಿಸಿಯಾಗಿ ತೆಳುವಾದ ಎಣ್ಣೆ ಮೂತಿಯಿಂದ ತೊಟ್ಟಿಕ್ಕದಂತೆ, ತಡೆಕವಾಟವನ್ನು ಮೂತಿಗೆ ಹತ್ತಿರದಲ್ಲಿಟ್ಟು, ಉಳಿದ ಎಣ್ಣೆಯನ್ನು ಹಬೆಯಿಂದಲೋ ಗಾಳಿಯಿಂದಲೋ ಊದಿ ತೆಗೆಯುತ್ತಾರೆ. ತೊಟ್ಟಿಯ ಮೇಲೆ ಗಾಳಿಗೊಳವೆ ಇದ್ದೇ ಇರುತ್ತದೆ. ಅಂಗೈಯಗಲದ ಸೀಸೆಗೂ ಆಳೆತ್ತರದ ತೊಟ್ಟಿಗೂ ನಿಯಮ ಒಂದೇ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಸೋರದ ಸೀಸೆ ಸಿದ್ಧವಾದ ಮಾತ್ರಕ್ಕೆ ಬೇವಿನ ಎಣ್ಣೆ ಆವಿಯಾಗುವುದಿಲ್ಲ. ಸೊಳ್ಳೆ ಯಂತ್ರದ ಬಿಸಿಗೆ ಮುಖ್ಯವಾಗಿ ಹಾರಿಹೋಗುವುದು ಕರ್ಪೂರ. ಎಣ್ಣೆ ಬತ್ತಿಯಲ್ಲಿ ಉಳಿದು ಜಿಗುಟಾಗಿ ರಂಧ್ರಗಳನ್ನು ಮುಚ್ಚುತ್ತದೆ. ಇನ್ನೂ ಹೆಚ್ಚು ಕಾಯಿಸಿದರೆ ಅದು ಕುದಿಯದೆ ಒಡೆದು ಹೊಗೆಯಾಗುತ್ತದೆ. ಎಣ್ಣೆಯ ಹೊಗೆಯನ್ನಾಗಲಿ ತುಂತುರನ್ನಾಗಲಿ ಉಸಿರಾಡುವುದು ಕ್ಷೇಮವಲ್ಲ. 2019ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ, ಮಂದವಾದ ಎಣ್ಣೆಯನ್ನು ಕಾಯಿಸಿ ಸೇದುವ ಉಪಕರಣಗಳನ್ನು ಬಳಸಿದ ಅನೇಕರು ಶ್ವಾಸಕೋಶದ ತೀವ್ರ ರೋಗಕ್ಕೆ ತುತ್ತಾದರು. 2020ರ ಫೆಬ್ರವರಿಯ ಹೊತ್ತಿಗೆ ಅರವತ್ತಕ್ಕೂ ಹೆಚ್ಚು ಮಂದಿ ಮೃತರಾಗಿದ್ದರು. ಆ ಎಣ್ಣೆಗೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಎಂಬ ಮಂದದ್ರವಕ್ಕೂ ಈ ರೋಗಕ್ಕೂ ಬಲವಾದ ಸಂಬಂಧವಿರುವುದು ಕಂಡುಬಂದಿತು. ಆದುದರಿಂದ ನಮ್ಮ ವಿದ್ಯಾರ್ಥಿಗಳು ಬಿಸಿಬಳೆಯನ್ನು ಬದಿಗಿಟ್ಟು, ಸೀಸೆಯನ್ನು ಮಾತ್ರ ಪ್ರದರ್ಶನದಲ್ಲಿಟ್ಟರು.

ಈ ಪ್ರಯೋಗವನ್ನು ವಾಚಕರೂ ಬೆಂಕಿಯ ಹಂಗಿಲ್ಲದೆ ಮಾಡಿ ನೋಡಬಹುದು. ಒಂದೇ ಅಳತೆಯ ಎರಡು ಸಣ್ಣ ಸೀಸೆಗಳಲ್ಲಿ ಕಾಲುಭಾಗ ಔಡಲೆಣ್ಣೆಯನ್ನು ತುಂಬಿ, ಎರಡರಲ್ಲೂ ಎಣ್ಣೆಯೊಳಗೆ ಮುಳುಗುವಂತೆ ಒಂದೊಂದು ಕೊಳವೆಯನ್ನು ನಿಲ್ಲಿಸಿ, ಅದರ ಮೇಲ್ತುದಿ ಬಿರಡೆಯಿಂದ ತುಸುವೇ ಹೊರಚಾಚಿರಲಿ. ಬಿರಡೆಗಳ ಸಂದುಗಳನ್ನು ಮೇಣದಿಂದ ಮುಚ್ಚಿ. ಒಂದರ ಬಿರಡೆಗೆ ಮಾತ್ರ ಸೂಜಿಯಿಂದ ಗಾಳಿರಂಧ್ರವನ್ನು ಮಾಡಿ. ಬೆಳಗಿನ ತಂಪಿನಲ್ಲಿ ಎರಡನ್ನೂ ಕಾಗದದ ಮೇಲಿಟ್ಟು ಬಿಸಿಲಿಗೆ ಒಡ್ಡಿ, ಗಂಟೆಗೊಮ್ಮೆ ಉಷ್ಣತೆಯನ್ನೂ ಕೊಳವೆಯಲ್ಲಿ ಎಣ್ಣೆ ಏರಿದ ಎತ್ತರವನ್ನೂ ಬರೆದುಕೊಳ್ಳಿ. ಯಾವ ಸೀಸೆಯ ಕೆಳಗಿನ ಕಾಗದ ಸಂಜೆಯವರೆಗೆ ಒಣಗಿರುವುದೆಂಬುದನ್ನು ಮೊದಲೇ ಊಹಿಸಿ ಬರೆದಿಟ್ಟು, ಬಳಿಕ ತಾಳೆ ನೋಡಿ. ಕಾಗದವನ್ನು ಹಾಸಲು ಮಾತ್ರ ಮರೆಯಬೇಡಿ. ನಮ್ಮ ಪ್ರಯೋಗಶಾಲೆಯ ಫರಸಿಯ ಮೇಲಿನ ಕಲೆ ಇನ್ನೂ ಹೋಗಿಲ್ಲ.